ಅಂಶ ಇದೆ, ಛೇದ ಎಲ್ಲಿ?

ಪ್ರಶ್ನೆ: ಹಾಸನದ ನೂರು ಹಾಸಿಗೆಗಳ ಖಾಸಗಿ ಆಸ್ಪತ್ರೆಯೊಂದರಲ್ಲಿ ವೈದ್ಯಕೀಯ ದಾಖಲೆ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಒಳರೋಗಿಗಳು, ಹೆರಿಗೆ, ಶಸ್ತ್ರಚಿಕಿತ್ಸೆ, ಸೋಂಕು, ಸಾವು ಎಂದು ಪ್ರತಿ ತಿಂಗಳೂ ಹನ್ನೆರಡು ಪುಟಗಳ ವರದಿ ಸಿದ್ಧಪಡಿಸುತ್ತೇನೆ. ಕಳೆದ ತಿಂಗಳು ಐಸಿಯು ಸಾವುಗಳು ನಾಲ್ಕರಿಂದ ಏಳಕ್ಕೆ ಏರಿದ್ದಕ್ಕೆ ‘ಶೇ. 75 ಏರಿಕೆ’ ಎಂದು ಆಡಳಿತ ಮಂಡಳಿ ಸಭೆಯಲ್ಲಿ ದೊಡ್ಡ ಗಲಾಟೆಯಾಯಿತು. ಈ ತಿಂಗಳು ಮೂರಕ್ಕೆ ಇಳಿದಿದೆ, ಯಾರೂ ತುಟಿ ಬಿಚ್ಚಲಿಲ್ಲ. ಹೊಸ ತಂತ್ರಾಂಶ ತಂದರೆ ಸರಿಹೋಗುತ್ತದೆ ಎಂದು ಕೆಲವರು, ಸಂಖ್ಯಾಶಾಸ್ತ್ರಜ್ಞರೊಬ್ಬರನ್ನು ನೇಮಿಸಿಕೊಳ್ಳಬೇಕು ಎಂದು ಇನ್ನು ಕೆಲವರು ಹೇಳುತ್ತಿದ್ದಾರೆ. ಈ ಅಂಕಿ-ಅಂಶಗಳನ್ನು ನಿಜವಾಗಿ ಉಪಯೋಗಕ್ಕೆ ತರುವುದು ಹೇಗೆ?

ಉತ್ತರ:

ಮೊದಲು ನಿಮ್ಮ ಏಳರ ವಿಚಾರವನ್ನು ಮುಗಿಸಿಬಿಡೋಣ. ಅದು ತಲೆಯಲ್ಲಿ ಕುಳಿತಿರುವಾಗ ಬೇರೆ ಮಾತು ಕಿವಿಗೆ ಇಳಿಯುವುದಿಲ್ಲ.

ನಿಮ್ಮ ಐಸಿಯುನಲ್ಲಿ ತಿಂಗಳಿಗೆ ಸರಾಸರಿ ನಾಲ್ಕು ಸಾವು ಎಂದಿಟ್ಟುಕೊಳ್ಳಿ. ಅದೇ ವೈದ್ಯರು, ಅದೇ ಔಷಧ, ಅದೇ ಬಗೆಯ ರೋಗಿಗಳು ಇದ್ದರೂ ಒಂದು ತಿಂಗಳು ಎರಡು, ಇನ್ನೊಂದು ತಿಂಗಳು ಆರು ಆಗುತ್ತಲೇ ಇರುತ್ತದೆ. ಈ ಏರಿಳಿತದ ಹರವನ್ನು ಅಳೆಯಲು ಪೆನ್ಸಿಲ್ ಸಾಕು. ನಾಲ್ಕರ ವರ್ಗಮೂಲ ಎರಡು. ಅದರ ಮೂರು ಪಟ್ಟು ಆರು. ನಾಲ್ಕಕ್ಕೆ ಆರು ಕೂಡಿಸಿದರೆ ಹತ್ತು. ಹತ್ತನ್ನು ದಾಟುವವರೆಗೆ, ಒಂದೇ ತಿಂಗಳ ಸಂಖ್ಯೆಯನ್ನು ಮುಂದಿಟ್ಟುಕೊಂಡು ‘ಏನೋ ಕೆಟ್ಟಿದೆ’ ಎನ್ನಲು ಆಧಾರವಿಲ್ಲ. ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ ಕಾರ್ಖಾನೆಯ ಸರಕಿನ ಗುಣಮಟ್ಟಕ್ಕಾಗಿ ರೂಪಿಸಿದ ನಿಯಂತ್ರಣ ನಕ್ಷೆಯ ತಿರುಳು ಇದೇ. ಆಸ್ಪತ್ರೆಗಳು ಅದನ್ನು ಕೈಗೆತ್ತಿಕೊಂಡದ್ದು ಬಹಳ ತಡವಾಗಿ.

ಶೇ. 75 ಎನ್ನುವುದು ಸುಳ್ಳಲ್ಲ. ಆದರೆ ನಾಲ್ಕು, ಏಳರಂಥ ಪುಟ್ಟ ಸಂಖ್ಯೆಗಳಿಗೆ ಶೇಕಡಾವಾರು ಹಚ್ಚುವುದೆಂದರೆ ಇರುವೆಗೆ ಭೂತಗನ್ನಡಿ ಹಿಡಿದು ಆನೆ ಬಂತೆಂದು ಕೂಗಿದಂತೆ. ಎಣಿಕೆ ಇಪ್ಪತ್ತಕ್ಕಿಂತ ಕಡಿಮೆ ಇರುವ ಕಡೆ ಶೇಕಡಾವಾರು ಬರೆಯಲೇಬಾರದು ಎಂಬುದು ನಾನು ನನಗೇ ಹಾಕಿಕೊಂಡಿರುವ ಕಟ್ಟಳೆ. ಯಾವ ಪಠ್ಯಪುಸ್ತಕದ ನಿಯಮವೂ ಅಲ್ಲ, ಆದರೆ ಎಷ್ಟೋ ಜಗಳಗಳನ್ನು ತಪ್ಪಿಸಿದೆ.

ಹಾಗೆಂದು ಏಳು ಕೇಸ್ ಶೀಟುಗಳನ್ನು ಕಟ್ಟಿ ಕಪಾಟಿಗೆ ಹಾಕಬೇಡಿ. ಒಂದೊಂದು ಸಾವನ್ನೂ ಬಿಡಿಯಾಗಿ ಪರಿಶೀಲಿಸಬೇಕು. ಅದು ಸಂಖ್ಯೆ ಏರಿದಾಗ ಮಾತ್ರ ಮಾಡುವ ಕೆಲಸವಲ್ಲ, ಮೂರಕ್ಕೆ ಇಳಿದ ಈ ತಿಂಗಳೂ ಮಾಡಬೇಕಾದದ್ದು. ಇನ್ನೊಂದು ಎಚ್ಚರ: ಐದು, ಆರು, ಐದು, ಐದು, ಆರು, ಐದು, ಆರು, ಐದು ಎಂದು ಸತತ ಎಂಟು ತಿಂಗಳು ಸರಾಸರಿಯ ಗೆರೆಗಿಂತ ಮೇಲೆಯೇ ಉಳಿದರೆ ಅದು ನಿಜವಾದ ಸುದ್ದಿ. ಯಾವ ತಿಂಗಳೂ ಹತ್ತು ದಾಟಿಲ್ಲ, ಯಾವ ತಿಂಗಳೂ ಸಭೆಯಲ್ಲಿ ಗಲಾಟೆಯಾಗುವುದಿಲ್ಲ, ಆದರೂ ಏನೋ ಸದ್ದಿಲ್ಲದೆ ಬದಲಾಗಿದೆ. ನಿಮ್ಮ ಮಂಡಳಿ ಏಳನ್ನು ಕಂಡು ಕೂಗಾಡುತ್ತದೆ, ಇದನ್ನು ಕಾಣುವುದೇ ಇಲ್ಲ. ಕಳೆದ ತಿಂಗಳನ್ನು ಈ ತಿಂಗಳ ಪಕ್ಕ ಇಡುವ ಎರಡು ಕಾಲಮ್ಮಿನ ಪಟ್ಟಿಯಲ್ಲಿ ಅದು ಕಾಣಿಸುವುದೂ ಸಾಧ್ಯವಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆಯ ಹಳೆಯ ಕಾಫಿ ತೋಟದ ಮನೆಗಳಲ್ಲಿ ಅಂಗಳದಲ್ಲೊಂದು ಮಳೆ ಮಾಪಕ, ಒಳಗೆ ಮೇಜಿನ ಮೇಲೊಂದು ಮಳೆ ಪುಸ್ತಕ ಇರುತ್ತದೆ. ಬೆಳಿಗ್ಗೆ ಎದ್ದು ನೀರನ್ನು ಅಳತೆಯ ಗಾಜಿಗೆ ಸುರಿದು ಇಷ್ಟು ಇಂಚು, ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಎಂದು ಬರೆದಿಡುತ್ತಾರೆ. ಅಜ್ಜ ಬರೆದದ್ದು, ಅಪ್ಪ ಬರೆದದ್ದು, ಮಗ ಬರೆಯುತ್ತಿರುವುದು ಒಂದೇ ಕಪಾಟಿನಲ್ಲಿ. ಯಾವ ಇಲಾಖೆಯೂ ಅವರನ್ನು ಬರೆಯಿರೆಂದು ಒತ್ತಾಯಿಸಿಲ್ಲ. ಮಾರ್ಚ್‌ನಲ್ಲಿ ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಒಂದು ಇಂಚು ಬಿತ್ತೇ, ನಲವತ್ತು ಸೆಂಟಿಗೆ ನಿಂತಿತೇ ಎನ್ನುವುದರ ಮೇಲೆ ಸ್ಪ್ರಿಂಕ್ಲರ್ ಓಡಿಸಬೇಕೋ ಬೇಡವೋ ಎಂಬುದು ಅಂದೇ ತೀರ್ಮಾನವಾಗಬೇಕು, ಅದಕ್ಕಾಗಿ ಬರೆಯುತ್ತಾರೆ. ಒಂದು ದಿನ ಐದು ಇಂಚು ಸುರಿದರೂ ಅವರು ಕಂಗಾಲಾಗುವುದಿಲ್ಲ. ಅಜ್ಜನ ಪುಸ್ತಕ ತೆಗೆದು ನೋಡುತ್ತಾರೆ.

ನಿಮ್ಮ ವಾರ್ಡಿನ ಪುಸ್ತಕದ ಗತಿ ಏನು? ಮಧ್ಯರಾತ್ರಿಯ ಸೆನ್ಸಸ್, ಅಂದರೆ ಆ ಹೊತ್ತಿಗೆ ವಾರ್ಡಿನಲ್ಲಿರುವ ರೋಗಿಗಳ ಎಣಿಕೆ, ಬರೆಯುವ ನರ್ಸ್‌ಗೆ ಆ ಸಂಖ್ಯೆಯಿಂದ ಏನೂ ಆಗಬೇಕಾಗಿಲ್ಲ. ಅದು ನಿಮ್ಮ ಮೇಜಿಗೆ, ಅಲ್ಲಿಂದ ಪೋರ್ಟಲ್‌ಗೆ, ಅಲ್ಲಿಂದ ಬೆಂಗಳೂರಿಗೆ, ದೆಹಲಿಗೆ ಹೋಗುತ್ತದೆ. ಮರಳಿ ವಾರ್ಡಿಗೆ ಬರುವುದಿಲ್ಲ. ಬರೆದವರಿಗೇ ಬೇಡವಾದ ಅಂಕಿ ಎಷ್ಟು ಬೇಗ ಸುಳ್ಳಾಗುತ್ತದೆ ಎಂದು ನೋಡಬೇಕಿದ್ದರೆ ಯಾವುದೇ ವಾರ್ಡಿನ ಚಾರ್ಟ್ ತೆಗೆದು ಉಸಿರಾಟದ ಕಾಲಮ್ಮಿನ ಮೇಲೆ ಬೆರಳಾಡಿಸಿ. ಇಪ್ಪತ್ತು, ಇಪ್ಪತ್ತು, ಹದಿನೆಂಟು, ಇಪ್ಪತ್ತು. ನ್ಯುಮೋನಿಯಾ ಆದವರಿಗೂ ಇಪ್ಪತ್ತು, ಮೂಳೆ ಮುರಿದವರಿಗೂ ಇಪ್ಪತ್ತು. ನಿಮಿಷಕ್ಕೆ ಎಷ್ಟು ಬಾರಿ ಎದೆ ಏರಿಳಿಯುತ್ತದೆ ಎಂದು ಗಡಿಯಾರ ಹಿಡಿದು ಯಾರೂ ಎಣಿಸಿಲ್ಲ. ರೋಗಿ ಹದಗೆಡುತ್ತಿರುವುದನ್ನು ಎಲ್ಲಕ್ಕಿಂತ ಮೊದಲು ಹೇಳುವ ಸಂಖ್ಯೆಗಳಲ್ಲಿ ಅದೂ ಒಂದು ಎನ್ನುವುದು ಬೇಸರದ ಸಂಗತಿ. ನರ್ಸ್‌ಗಳನ್ನು ದೂರುತ್ತಿಲ್ಲ. ಮೂವತ್ತು ರೋಗಿಗಳಿಗೆ ಇಬ್ಬರಿದ್ದರೆ, ಬರೆದದ್ದನ್ನು ಯಾರೂ ನೋಡುವುದಿಲ್ಲ ಎಂದೂ ಗೊತ್ತಿದ್ದರೆ, ನಾನೂ ಇಪ್ಪತ್ತೆಂದೇ ಬರೆಯುತ್ತಿದ್ದೆ.

ಆದ್ದರಿಂದ ತಂತ್ರಾಂಶದ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು: ತಂತ್ರಾಂಶ ಈ ಇಪ್ಪತ್ತನ್ನು ಬಣ್ಣಬಣ್ಣದ ನಕ್ಷೆಯಲ್ಲಿ ತೋರಿಸುತ್ತದೆ, ಅಷ್ಟೇ.

2025ರ ಮೇ, ಜೂನ್ ತಿಂಗಳುಗಳನ್ನು ಹಾಸನದವರು ಮರೆತಿಲ್ಲ. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂಬ ಸುದ್ದಿ ಪ್ರತಿದಿನ ಎಣಿಕೆಯೊಂದಿಗೆ ಬರುತ್ತಿತ್ತು. ಚಿಕ್ಕ ವಯಸ್ಸಿನವರೂ ಇದ್ದರು. ಜನ ಬೆಳಗಿನ ಜಾವವೇ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿ ಪರಿಶೀಲಿಸಿದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, ಉಳಿದ ನಾಲ್ಕಕ್ಕೆ ಕಾರಣ ಬೇರೆಯೇ ಆಗಿತ್ತು; ಒಂದು ರಸ್ತೆ ಅಪಘಾತ. ಅಸಹಜ ಏರಿಕೆ ಕಾಣುವುದಿಲ್ಲ ಎಂಬ ತೀರ್ಮಾನಕ್ಕೆ ಸಮಿತಿ ಬಂದಿತು.

ಆ ದಿನಗಳಲ್ಲಿ ಬಸ್ಸಿನಲ್ಲಿ, ಹೋಟೆಲಿನಲ್ಲಿ ಯಾರೇ ಸಿಕ್ಕರೂ ನಾನು ಒಂದೇ ಲೆಕ್ಕ ಹೇಳುತ್ತಿದ್ದೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ವರ್ಷಕ್ಕೆ ಸಾವಿರ ಜನರಲ್ಲಿ ಆರೇಳು ಮಂದಿ ಸಾಯುವುದು ನಮ್ಮ ರಾಜ್ಯದ ಸಾಮಾನ್ಯ ಪ್ರಮಾಣ. ಅಂದರೆ ಜಿಲ್ಲೆಯಲ್ಲಿ ವರ್ಷಕ್ಕೆ ಹನ್ನೊಂದು-ಹನ್ನೆರಡು ಸಾವಿರ, ನಲವತ್ತು ದಿನಕ್ಕೆ ಸಾವಿರದ ಇನ್ನೂರೈವತ್ತರ ಆಸುಪಾಸು. ಭಾರತದಲ್ಲಿ ಸಾವುಗಳ ಕಾಲು ಭಾಗಕ್ಕಿಂತ ಹೆಚ್ಚು ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ, ಪಾರ್ಶ್ವವಾಯುವನ್ನೂ ಸೇರಿಸಿಕೊಂಡು. ಹಾಗಾದರೆ ಯಾರೂ ಸುದ್ದಿ ಮಾಡದ ಯಾವುದೇ ನಲವತ್ತು ದಿನಗಳಲ್ಲಿ ಹಾಸನ ಜಿಲ್ಲೆಯಲ್ಲಿ ಇಂಥ ಮುನ್ನೂರು ಸಾವುಗಳನ್ನು ನಿರೀಕ್ಷಿಸಬೇಕು. ಪತ್ರಿಕೆಗಳಲ್ಲಿ ಬಂದ ಇಪ್ಪತ್ತು ಚಿಲ್ಲರೆ ಹೆಚ್ಚೋ ಕಡಿಮೆಯೋ?

ಈ ಲೆಕ್ಕದಲ್ಲೂ ಒಂದು ಹುಳುಕಿದೆ, ಅದನ್ನು ಮುಚ್ಚಿಡಬಾರದು. ಜನ ಹೆದರಿದ್ದು ಎಪ್ಪತ್ತರ ಅಜ್ಜನ ಸಾವಿಗಲ್ಲ, ಮೂವತ್ತರ ಹುಡುಗರು ಕುಸಿದು ಬಿದ್ದದ್ದಕ್ಕೆ. ಸರಿಯಾದ ಹೋಲಿಕೆ ಎಂದರೆ 45 ದಾಟದವರ ಹೃದಯಾಘಾತದ ಸಾವುಗಳು ಹಿಂದಿನ ಐದು ವರ್ಷಗಳ ಅದೇ ನಲವತ್ತು ದಿನಗಳಲ್ಲಿ ಎಷ್ಟಿದ್ದವು ಎಂಬುದು. ಈ ಒಂದು ಸಂಖ್ಯೆ ಮೊದಲ ದಿನವೇ ಕೈಗೆ ಸಿಕ್ಕಿದ್ದರೆ ಸಮಿತಿ ರಚನೆಯಾಗುವವರೆಗೂ ಕಾಯಬೇಕಾಗಿರಲಿಲ್ಲ. ನಾವು ‘ಅಂಕಿ-ಅಂಶ’ ಎನ್ನುತ್ತೇವೆ. ಐದನೇ ತರಗತಿಯ ಗಣಿತದಲ್ಲಿ ಅಂಶದ ಕೆಳಗೆ ಗೆರೆ ಎಳೆದು ಛೇದ ಬರೆಯುವುದನ್ನು ಕಲಿಸಿದ್ದರು. ನಮ್ಮ ವರದಿಗಳಲ್ಲಿ ಅಂಶ ಇರುತ್ತದೆ, ಛೇದ ಎಲ್ಲೋ ಬಿದ್ದುಹೋಗಿರುತ್ತದೆ.

ಛೇದವನ್ನು ತಪ್ಪಾಗಿ ಹಿಡಿದರೆ ಮಹಾನುಭಾವರೂ ಎಡವುತ್ತಾರೆ. ಆಸ್ಪತ್ರೆಯ ಅಂಕಿ-ಅಂಶಗಳಿಗೆ ತಾಯಿಯಂತಿದ್ದ ಫ್ಲಾರೆನ್ಸ್ ನೈಟಿಂಗೇಲ್ 1863ರಲ್ಲಿ ಪ್ರಕಟಿಸಿದ ಪುಸ್ತಕದ ಒಂದು ಕೋಷ್ಟಕದಲ್ಲಿ ಲಂಡನ್ನಿನ 24 ಆಸ್ಪತ್ರೆಗಳ ಸಾವಿನ ಪ್ರಮಾಣ ಶೇ. 90.84 ಎಂದಿತ್ತು. ಹೋದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಣವಾಗಿ ಬರುತ್ತಿದ್ದರೇ? ಇಲ್ಲ. ಇಡೀ ವರ್ಷದ ಸಾವುಗಳನ್ನು 1861ರ ಏಪ್ರಿಲ್‌ನ ಒಂದು ದಿನ ಹಾಸಿಗೆಯಲ್ಲಿದ್ದವರ ಸಂಖ್ಯೆಯಿಂದ ಭಾಗಿಸಿದ್ದರು. ಒಂದೊಂದು ಹಾಸಿಗೆಯ ಮೇಲೆ ವರ್ಷಕ್ಕೆ ಹತ್ತಾರು ಮಂದಿ ಮಲಗಿ ಎದ್ದು ಹೋಗಿರುತ್ತಾರೆ, ಅವರೆಲ್ಲ ಲೆಕ್ಕದಿಂದ ಬಿಟ್ಟುಹೋದರು. ಅಂದಿನ ವೈದ್ಯಕೀಯ ಪತ್ರಿಕೆಗಳು ಚೆನ್ನಾಗಿಯೇ ಜಾಡಿಸಿದವು.

ನಿಮ್ಮಲ್ಲಿ ಕ್ಯಾತಿಟರ್ (ರೋಗಿಯ ದೇಹದೊಳಗೆ ಇಡುವ ಕೊಳವೆ) ಸೋಂಕಿನ ಲೆಕ್ಕವನ್ನು ಹೇಗೆ ಕೊಡುತ್ತೀರಿ? ‘ಈ ತಿಂಗಳು ಮೂರು’ ಎಂದೇ ಇರಬೇಕು. ಅದಕ್ಕೆ ಛೇದ, ರೋಗಿಗಳ ಸಂಖ್ಯೆಯೂ ಅಲ್ಲ, ಹಾಸಿಗೆಗಳ ಸಂಖ್ಯೆಯೂ ಅಲ್ಲ. ದಿನವೂ ಒಂದೇ ಹೊತ್ತಿಗೆ ವಾರ್ಡಿನಲ್ಲಿ ಎಷ್ಟು ಜನರಿಗೆ ಕ್ಯಾತಿಟರ್ ಇದೆ ಎಂದು ಎಣಿಸಿ, ತಿಂಗಳ ಕೊನೆಗೆ ಕೂಡಿಸಿ. ಅದು ಕ್ಯಾತಿಟರ್ ದಿನಗಳು. 600 ದಿನಗಳಿಗೆ ಮೂರು ಸೋಂಕು ಎಂದರೆ ಸಾವಿರಕ್ಕೆ ಐದು. ಈ ಎಣಿಕೆಯಿಂದ ಇನ್ನೊಂದು ಲಾಭವಿದೆ. ದಿನವೂ ಎಣಿಸುವಾಗ ‘ಇವರಿಗೆ ಇನ್ನೂ ಯಾಕಿದೆ?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ, ಎರಡು ದಿನ ಮುಂಚೆಯೇ ತೆಗೆಯುತ್ತಾರೆ.

ಅಂಶವೂ ಅಷ್ಟೇನೂ ನಂಬಿಕಸ್ಥನಲ್ಲ. ತಾಲ್ಲೂಕಿನ ಆಸ್ಪತ್ರೆಯೊಂದು ಕೈಮೀರಿದ ರೋಗಿಯನ್ನು ರಾತ್ರಿ ಹನ್ನೊಂದಕ್ಕೆ 108ರಲ್ಲಿ ಹಾಸನಕ್ಕೆ ಕಳಿಸುತ್ತದೆ. ರೋಗಿ ಬಂದು ಒಂದು ಗಂಟೆಯಲ್ಲಿ ತೀರಿಕೊಂಡರೆ ಸಾವು ದೊಡ್ಡ ಆಸ್ಪತ್ರೆಯ ಲೆಕ್ಕಕ್ಕೆ, ಕಳಿಸಿದವರ ಪುಸ್ತಕ ಸ್ವಚ್ಛ. ಹಾಗಾಗಿ ದಾಖಲಾದ 48 ಗಂಟೆಗಳೊಳಗಿನ ಸಾವುಗಳನ್ನು ಬೇರೆ ತೋರಿಸುವ ಪದ್ಧತಿ ಇದೆ. ತೋರಿಸಿ, ಆದರೆ ಬಿಟ್ಟುಬಿಡಬೇಡಿ. ತುರ್ತು ವಿಭಾಗದ ತಪ್ಪುಗಳು ಅಡಗಿ ಕೂರುವುದೂ ಅದೇ 48 ಗಂಟೆಗಳಲ್ಲಿ. ಇನ್ನು ನಮ್ಮ ಕಡೆಯ ಮಾತೊಂದಿದೆ: ‘ಇನ್ನೇನೂ ಆಗದು ಅಂದರೆ ಮನೆಯಲ್ಲೇ ಪ್ರಾಣ ಹೋಗಲಿ.’ ಮಗ ಸಹಿ ಹಾಕುತ್ತಾನೆ, ಕೇಸ್ ಶೀಟಿನ ಮೇಲೆ ‘ಡಾಮಾ’ (ವೈದ್ಯರ ಸಲಹೆ ಮೀರಿ ಬಿಡುಗಡೆ) ಎಂದು ಬೀಳುತ್ತದೆ, ಆಂಬ್ಯುಲೆನ್ಸ್ ಅರಕಲಗೂಡಿನ ದಾರಿ ಹಿಡಿಯುತ್ತದೆ. ನಿಮ್ಮ ವರದಿಯಲ್ಲಿ ಅವರು ಸತ್ತವರಲ್ಲ, ಬಿಡುಗಡೆಯಾದವರು. ಐಸಿಯುನಿಂದ ಹೀಗೆ ಹೋದವರು ತಿಂಗಳಿಗೆ ಎಷ್ಟು ಮಂದಿ ಎಂದು ಒಮ್ಮೆ ಎಣಿಸಿ ನೋಡಿ. ನಾಲ್ಕು, ಏಳರ ಜಗಳ ಅಲ್ಲಿಗೇ ಮರೆತುಹೋಗಬಹುದು.

ಹಿಂದೆ ನಾನು ಸಲಹೆ ಕೊಡಲು ಹೋಗುತ್ತಿದ್ದ ಆಸ್ಪತ್ರೆಯೊಂದರಲ್ಲಿ, ಹೆಸರು ಬೇಡ, ಸಿಸೇರಿಯನ್ ಗಾಯದ ಸೋಂಕು ಸೊನ್ನೆ ಎಂದು ಹೆಮ್ಮೆಯಿಂದ ಬೋರ್ಡಿನ ಮೇಲೆ ಬರೆದಿದ್ದರು. ಬಾಣಂತಿಯನ್ನು ಐದನೇ ದಿನ ಮನೆಗೆ ಕಳಿಸುತ್ತಿದ್ದರು. ಗಾಯದಲ್ಲಿ ಕೀವು ಕಾಣಿಸುವುದು ಏಳೋ ಎಂಟೋ ದಿನಕ್ಕೆ, ತವರುಮನೆಯಲ್ಲಿ. ಅವರು ಹೋಗುತ್ತಿದ್ದದ್ದು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಮೂವತ್ತು ದಿನ ಬೆನ್ನು ಹತ್ತಿ ನೋಡದೆ ಗಾಯದ ಸೋಂಕಿನ ಪ್ರಮಾಣ ಹೇಳಬಾರದು ಎನ್ನುವುದು ಎಲ್ಲೆಡೆ ಒಪ್ಪಿದ ನಿಯಮ. ನಾನು ಅವರಿಗೆ ಕೇಳಿಕೊಂಡದ್ದು ಇಷ್ಟೇ: ಹತ್ತನೇ ದಿನ ಒಂದು, ಮೂವತ್ತನೇ ದಿನ ಒಂದು ಫೋನ್ ಕರೆ. ಎರಡೇ ತಿಂಗಳಲ್ಲಿ ಬೋರ್ಡನ್ನು ಒರೆಸಿದರು. ಸೊನ್ನೆಯ ಬಗ್ಗೆ ಇನ್ನೊಂದು ಗುಟ್ಟು ಹೇಳುತ್ತೇನೆ, ಶಸ್ತ್ರಚಿಕಿತ್ಸಕರಿಗೆ ಇಷ್ಟವಾಗುವುದಿಲ್ಲ. ‘ಐವತ್ತು ಮಾಡಿದ್ದೇನೆ, ಒಂದೂ ಕೆಟ್ಟಿಲ್ಲ’ ಎಂದರೆ ಮೂರನ್ನು ಐವತ್ತರಿಂದ ಭಾಗಿಸಿ. ನಿಜವಾದ ಅಪಾಯ ಶೇ. 6ರವರೆಗೂ ಇರಬಹುದು ಎಂದು ಆ ಐವತ್ತು ಹೇಳುತ್ತಿದೆ, ಸೊನ್ನೆ ಎಂದಲ್ಲ.

ನೀವು ದಾಖಲೆ ವಿಭಾಗದವರಾದ್ದರಿಂದ ಒಂದು ಕಾಗದದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತೇನೆ: ನಮೂನೆ 4. ಜನನ ಮತ್ತು ಮರಣ ನೋಂದಣಿ ಕಾಯ್ದೆ, 1969ರ ಅಡಿ ಆಸ್ಪತ್ರೆಯಲ್ಲಾದ ಸಾವಿಗೆ ವೈದ್ಯರು ತುಂಬಿ ಕೊಡಬೇಕಾದ ಕಾರಣ ಪತ್ರ. ಅದರ ಮೊದಲ ಭಾಗದಲ್ಲಿ ಎ, ಬಿ, ಸಿ ಎಂದು ಮೂರು ಸಾಲು. ಎ ಸಾಲಿನಲ್ಲಿ ಸಾವಿಗೆ ನೇರವಾಗಿ ಕಾರಣವಾದದ್ದು, ಅದಕ್ಕೆ ಕಾರಣವಾದದ್ದು ಬಿ, ಎಲ್ಲದರ ಬುಡ ಸಿ. ಪಕ್ಕದಲ್ಲಿ, ಪ್ರತಿಯೊಂದೂ ಶುರುವಾಗಿ ಸಾವಿನವರೆಗೆ ಎಷ್ಟು ಕಾಲವಾಯಿತು ಎಂಬ ಕಾಲಮ್.

ಬೇಲೂರಿನ ಕಡೆಯ ಅರವತ್ತೆರಡರ ಅಜ್ಜಿಯೊಬ್ಬರು ಎಂದು ಊಹಿಸಿಕೊಳ್ಳಿ. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಕಾಲಿನ ಹುಣ್ಣು ಕೊಳೆತು ಮೂರು ವಾರ, ರಕ್ತಕ್ಕೆ ನಂಜೇರಿ ಎರಡು ದಿನ, ಬೆಳಗಿನ ಜಾವ ಮೂರಕ್ಕೆ ಪ್ರಾಣ ಹೋಯಿತು. ಎ: ನಂಜಿನಿಂದಾದ ಆಘಾತ, ಎರಡು ದಿನ. ಬಿ: ಪಾದದ ಗ್ಯಾಂಗ್ರೀನ್, ಮೂರು ವಾರ. ಸಿ: ಮಧುಮೇಹ, ಹದಿನೈದು ವರ್ಷ. ಹೀಗೆ ಬರೆದರೆ ಈ ಸಾವು ಮಧುಮೇಹದ ಲೆಕ್ಕಕ್ಕೆ ಸೇರುತ್ತದೆ, ಯಾಕೆಂದರೆ ಲೆಕ್ಕಕ್ಕೆ ಹಿಡಿಯುವುದು ಬುಡವನ್ನು. ಆದರೆ ಮೂರು ಗಂಟೆಯ ನಿದ್ದೆಗಣ್ಣಿನ ಕಿರಿಯ ವೈದ್ಯ ಎ ಸಾಲಿನಲ್ಲಿ ‘ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್’ ಎಂದು ಬರೆದು, ಬಿ ಸಾಲಿಗೆ ‘ಸೆಪ್ಸಿಸ್’ (ನಂಜೇರಿಕೆ) ಎಂದು ಗೀಚಿ, ಸಿ ಖಾಲಿ ಬಿಟ್ಟು ಸಹಿ ಹಾಕುತ್ತಾನೆ. ಹೃದಯವೂ ಉಸಿರೂ ನಿಲ್ಲದೆ ಸತ್ತವರು ಯಾರಿದ್ದಾರೆ? ಸಾಯುವ ಬಗೆಯನ್ನು ಬರೆಯಬೇಡಿ, ಸಾವಿಗೆ ಕಾರಣವಾದ ರೋಗವನ್ನು ಬರೆಯಿರಿ ಎಂಬ ಸೂಚನೆ ಆ ನಮೂನೆಯಲ್ಲೇ ಅಚ್ಚಾಗಿದೆ. ಸೆಪ್ಸಿಸ್ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರವಿಲ್ಲ, ಮಧುಮೇಹ ಕಾಗದದಿಂದಲೇ ಮಾಯ. ಬಿ ಸಾಲೂ ಖಾಲಿ ಬಿದ್ದ ಪತ್ರಗಳಂತೂ ‘ಹೃದಯ ನಿಂತು ಸತ್ತವರು’ ಎಂಬ ಗುಂಪಿಗೆ ಹೋಗಿ ಬೀಳುತ್ತವೆ. ಇಂಥ ಪತ್ರಗಳ ರಾಶಿಯನ್ನು ಇಟ್ಟುಕೊಂಡು 2025ರ ಜೂನ್‌ನಲ್ಲಿ ಯಾರು ಯಾವ ಪ್ರಶ್ನೆಗೆ ತಾನೇ ಉತ್ತರ ಕೊಡಬಲ್ಲರು?

ಇದನ್ನು ಸರಿಪಡಿಸಲು ಹಣ ಬೇಡ. ಸಿ ಸಾಲು ಖಾಲಿ ಇರುವ, ಅಥವಾ ಬರೀ ‘ಅರೆಸ್ಟ್’ ಎಂದಿರುವ ಪತ್ರಗಳನ್ನು ಮರುದಿನ ಬೆಳಿಗ್ಗೆ ಹಿರಿಯ ವೈದ್ಯರ ಮೇಜಿಗೆ ಕಳಿಸುವ ಅಧಿಕಾರವನ್ನು ಲಿಖಿತವಾಗಿ ನಿಮಗೆ ಕೊಡಿಸಿಕೊಳ್ಳಿ. ಮೊದಲ ತಿಂಗಳು ಬೈಸಿಕೊಳ್ಳುತ್ತೀರಿ. ಕೇಸ್ ಶೀಟ್ ಜೊತೆಗಿಟ್ಟು ಕಳಿಸಿದರೆ ಬೈಗುಳ ಕಡಿಮೆ.

ಏನನ್ನು ಅಳೆಯಬೇಕು ಎಂದರೆ, ಅಳೆದ ನಂತರ ನೀವೇ ಏನಾದರೂ ಮಾಡಬಹುದಾದದ್ದನ್ನು. ನಮ್ಮ ಜಿಲ್ಲೆಗೆ ನಾನು ಆರಿಸುವುದು ಎದೆನೋವು. ಎದೆನೋವೆಂದು ಬಂದವರಿಗೆ 10 ನಿಮಿಷಗಳೊಳಗೆ ಇಸಿಜಿ ಆಗಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದಿಂದಲೇ ತಜ್ಞರು ನೋಡಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಿಸುವ ವ್ಯವಸ್ಥೆ ಇದೆ. ಆದರೆ ಇಸಿಜಿಯೇ ತಡವಾದರೆ ಮುಂದಿನದೆಲ್ಲ ತಡ. ಏಳು ರೋಗಿಗಳಿಗೆ ಹಿಡಿದ ನಿಮಿಷಗಳು 6, 8, 9, 11, 12, 14, 94 ಎಂದಿಟ್ಟುಕೊಳ್ಳಿ. ಸರಾಸರಿ 22. ಸಭೆಯಲ್ಲಿ 22 ಎಂದರೆ ಎಲ್ಲರೂ ಸೋಮಾರಿಗಳು ಎಂದಾಗುತ್ತದೆ. ಸಾಲಿನ ನಡುವಿನ ಸಂಖ್ಯೆ 11. ಎಂದಿನ ಕೆಲಸ ಪರವಾಗಿಲ್ಲ, ಇನ್ನೊಂದು ನಿಮಿಷ ತಗ್ಗಿಸಬೇಕು ಎಂದು ಅದು ಹೇಳುತ್ತದೆ. ಆ 94 ಒಂದು ಬೇರೆಯೇ ಕಥೆ. ಭಾನುವಾರ ರಾತ್ರಿ ಇಸಿಜಿಯ ಕಾಗದದ ಸುರುಳಿ ಮುಗಿದಿತ್ತು, ಉಗ್ರಾಣದ ಬೀಗದ ಕೈ ಮನೆಗೆ ಹೋದವರ ಜೇಬಿನಲ್ಲಿತ್ತು, ಹೀಗೇನೋ ಇರುತ್ತದೆ. ಅಂಥದ್ದನ್ನು ಸರಾಸರಿಯೊಳಗೆ ಕಲಸಬಾರದು, ಎತ್ತಿ ಬೇರೆ ಇಡಬೇಕು. ಅಂದಹಾಗೆ, ಅಳೆಯುವ ಮುನ್ನ ನೋಂದಣಿ ಕೌಂಟರ್, ಇಸಿಜಿ ಯಂತ್ರ, ವಾರ್ಡು, ಈ ಮೂರರ ಗಡಿಯಾರಗಳನ್ನು ಒಂದೇ ಸಮಯಕ್ಕೆ ಹೊಂದಿಸಿ. ಬರುವ ಮೊದಲೇ ಇಸಿಜಿ ಮಾಡಿಸಿಕೊಂಡ ರೋಗಿಗಳನ್ನು ನಾನು ದಾಖಲೆಗಳಲ್ಲಿ ಕಂಡಿದ್ದೇನೆ.

ಭಯದ ದಿನಗಳಲ್ಲಿ ‘ತಪಾಸಣೆ ಮಾಡಿದವರಲ್ಲಿ ನೂರಾರು ಜನರಿಗೆ ತೊಂದರೆ ಪತ್ತೆ’ ಎಂಬ ಸಂಖ್ಯೆಗಳೂ ಬರುತ್ತವೆ. ಯಾವ ಲಕ್ಷಣವೂ ಇಲ್ಲದ ಸಾವಿರ ಜನ ಬಂದರು, ಹತ್ತು ಜನರಿಗೆ ಮಾತ್ರ ನಿಜವಾಗಿ ರೋಗವಿದೆ, ಪರೀಕ್ಷೆ ಎರಡೂ ಕಡೆ ನೂರಕ್ಕೆ ತೊಂಬತ್ತು ಸರಿ ಎಂದುಕೊಳ್ಳಿ. ಹತ್ತರಲ್ಲಿ ಒಂಬತ್ತು ಸಿಕ್ಕುತ್ತವೆ. ಉಳಿದ 990 ಆರೋಗ್ಯವಂತರಲ್ಲಿ 99 ಮಂದಿಗೂ ‘ಇದೆ’ ಎಂದು ಬರುತ್ತದೆ. 108 ಮಂದಿ ಗಾಬರಿ, ರೋಗ ಒಂಬತ್ತು ಮಂದಿಗೆ. ನಿಮ್ಮ ಜನಸಂಪರ್ಕದವರು 108 ಎಂದು ಪ್ರಕಟಣೆ ಕೊಡುವ ಮೊದಲು ಈ ಲೆಕ್ಕವನ್ನು ಅವರ ಮೇಜಿನ ಮೇಲಿಡಿ.

ಸಂಖ್ಯಾಶಾಸ್ತ್ರಜ್ಞರ ನೇಮಕ ನೂರು ಹಾಸಿಗೆಯ ಆಸ್ಪತ್ರೆಗೆ ಭಾರವೇ. ವೈದ್ಯಕೀಯ ಕಾಲೇಜುಗಳ ಸಮುದಾಯ ವೈದ್ಯಶಾಸ್ತ್ರ ವಿಭಾಗದಲ್ಲಿ ಈ ವಿದ್ಯೆ ಬಲ್ಲವರು ಇರುತ್ತಾರೆ, ಹಾಸನದಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್ ಇದೆ. ಮೂರು ತಿಂಗಳಿಗೊಮ್ಮೆ ಅರ್ಧ ದಿನ ಕರೆಸಿ. ಅಂಕಿ ಕಲೆಹಾಕಿದ ಮೇಲೆ ಕರೆಯಬೇಡಿ, ಏನು ಕಲೆಹಾಕಬೇಕೆಂದು ಯೋಚಿಸುವಾಗ ಕರೆಯಿರಿ.

ಮುಂದಿನ ತಿಂಗಳ ಹನ್ನೆರಡು ಪುಟಗಳ ಜೊತೆಗೆ ಹದಿಮೂರನೆಯದಾಗಿ ಒಂದೇ ಹಾಳೆ ಮಾಡಿ. ಕಳೆದ 24 ತಿಂಗಳ ಐಸಿಯು ಸಾವುಗಳನ್ನು ಗ್ರಾಫ್ ಹಾಳೆಯಲ್ಲಿ ಚುಕ್ಕಿಗಳಾಗಿ ಇಟ್ಟು, ನಡುವೆ ಸರಾಸರಿಯ ಗೆರೆ, ಮೇಲೆ ಮಿತಿಯ ಗೆರೆ ಎಳೆಯಿರಿ. ಐಸಿಯುಗೆ ದಾಖಲಾದವರ ಸಂಖ್ಯೆಯನ್ನು ಪ್ರತಿ ತಿಂಗಳ ಕೆಳಗೆ ಬರೆಯಿರಿ, ಮನೆಗೆ ಕರೆದೊಯ್ದವರನ್ನು ಬೇರೆ ಬಣ್ಣದಲ್ಲಿ. ಒಂದು ಪ್ರತಿ ಮಂಡಳಿಗೆ, ಇನ್ನೊಂದು ಐಸಿಯು ನರ್ಸ್‌ಗಳ ಕೋಣೆಯ ಗೋಡೆಗೆ. ಇದಕ್ಕೆ ಹಳೆಯ ರಿಜಿಸ್ಟರುಗಳು ಬೇಕು. ಜಾಗವಿಲ್ಲವೆಂದು ಅವುಗಳನ್ನು ಗುಜರಿಗೆ ಕಟ್ಟಿಟ್ಟಿದ್ದರೆ ನಾಳೆಯೇ ಬಿಚ್ಚಿಸಿ.